ವಾರದ ಸಭೆ ಬೇಕಾ, ಬೇಡವಾ? ಸದಸ್ಯರು 42, ಬರುವವರು 13

ಹೊಸ ಕಾರ್ಯದರ್ಶಿ

ಎಲ್ಲರಿಗೂ ನಮಸ್ಕಾರ. ಜುಲೈ 1ರಿಂದ ನಮ್ಮ ಸೇವಾ ಕ್ಲಬ್‌ನ ಕಾರ್ಯದರ್ಶಿ ಕೆಲಸ ನನ್ನ ಹೆಗಲಿಗೆ ಬಿದ್ದಿದೆ. ಕೇಳಿ ಪಡೆದದ್ದಲ್ಲ. ಯಾರು ಆಗ್ತೀರಿ ಅಂತ ಅಧ್ಯಕ್ಷರು ಕೇಳಿದಾಗ ಎಲ್ಲರೂ ಫೋನ್ ನೋಡುತ್ತಿದ್ದರು. ನಾನೊಬ್ಬ ತಲೆ ಎತ್ತಿದ್ದೆ, ಸಿಕ್ಕಿಬಿದ್ದೆ.

ವಿಷಯ ಇಷ್ಟು. ನಮ್ಮಲ್ಲಿ 42 ಸದಸ್ಯರು. ಪ್ರತಿ ಗುರುವಾರ ಸಂಜೆ ಸಭೆ. ಕಳೆದ ಮೂರು ತಿಂಗಳ ಹಾಜರಿ ಪುಸ್ತಕ ತಿರುವಿ ನೋಡಿದೆ. ಸಭೆಗೆ ಸರಾಸರಿ 13 ಜನ ಬಂದಿದ್ದಾರೆ. ಅದರಲ್ಲಿ 6 ಜನ ಪದಾಧಿಕಾರಿಗಳು, ಅವರು ಬರಲೇಬೇಕು. ಇನ್ನಿಬ್ಬರು ಸಹಿ ಹಾಕಿ ಹತ್ತು ನಿಮಿಷಕ್ಕೆ ಜಾಗ ಖಾಲಿ ಮಾಡುವವರು.

ಹೋದ ವಾರ ಸುಮ್ನೆ ಕುತೂಹಲಕ್ಕೆ ಫೋನಿನಲ್ಲಿ ಟೈಮ್ ನೋಡುತ್ತಾ ಕೂತೆ. ಏಳು ಗಂಟೆಗೆ ಅಂತ ಕರೆದ ಸಭೆಗೆ ಗಂಟೆ ಬಾರಿಸಿದ್ದು 7.25ಕ್ಕೆ. ಆಮೇಲೆ ವೇದಿಕೆಗೆ ಆಹ್ವಾನ, ಸ್ವಾಗತ, ಹುಟ್ಟುಹಬ್ಬದವರಿಗೆ ಚಪ್ಪಾಳೆ, ಅಧ್ಯಕ್ಷರ ಮಾತು, ಭಾಷಣಕಾರರ ಪರಿಚಯ (ಭಾಷಣಕ್ಕಿಂತ ಸ್ವಲ್ಪವೇ ಚಿಕ್ಕದು), ಭಾಷಣ, ನೆನಪಿನ ಕಾಣಿಕೆ, ಫೋಟೋ, ಫೋಟೋ ಸರಿ ಬರಲಿಲ್ಲ ಅಂತ ಇನ್ನೊಂದು ಫೋಟೋ, ವಂದನಾರ್ಪಣೆ. ಒಟ್ಟು 82 ನಿಮಿಷ. ನಾವು ಮಾಡುವ ಸೇವಾ ಕೆಲಸದ ಬಗ್ಗೆ ಮಾತಾಡಿದ್ದು 4 ನಿಮಿಷ. ಆ 4 ನಿಮಿಷದಲ್ಲೂ ಇದ್ದದ್ದು ಒಂದೇ ಮಾತು: ಮುಂದಿನ ತಿಂಗಳ ಶಿಬಿರಕ್ಕೆ ಎಲ್ಲರೂ ಬಂದು ಯಶಸ್ವಿಗೊಳಿಸಿ.

ತಿಂಗಳಿಗೆ ಎರಡೇ ಸಭೆ ಸಾಕು ಅಂತ ಬೋರ್ಡ್ ಮೀಟಿಂಗ್‌ನಲ್ಲಿ ಪ್ರಸ್ತಾಪ ಇಡೋಣ ಅಂತಿದ್ದೇನೆ. ಬೇರೆ ಕ್ಲಬ್‌ಗಳಲ್ಲಿ ಇರುವವರು ಏನು ಹೇಳ್ತೀರಿ?


ಮೂಲೆ ಕುರ್ಚಿ

ಎರಡು ಯಾಕೆ ಸರ್, ಒಂದೇ ಸಾಕು. ವಾಟ್ಸಾಪ್ ಗ್ರೂಪ್ ಇದೆ ಅಲ್ವಾ? ಶಿಬಿರ ಯಾವತ್ತು, ಎಲ್ಲಿ ಅಂತ ಹಾಕಿ, ಬರುವವರು ಬರುತ್ತಾರೆ. ನಮ್ಮ ಕ್ಲಬ್‌ನಲ್ಲಿ ಮರ ನೆಡಲು 30 ಜನ ಬಂದರು. ಅದೇ ವಾರದ ಸಭೆಗೆ ಬಂದದ್ದು 9. ಜನರಿಗೆ ಕೆಲಸ ಬೇಕು, ಕೂತು ಕೇಳುವುದು ಬೇಡ.


ಗಂಟೆ ಬಾರಿಸಿದವನು

ನಾನು ಕ್ಲಬ್ ಸೇರಿ 30 ವರ್ಷ ದಾಟಿತು. ಎರಡು ಸಲ ಅಧ್ಯಕ್ಷನಾಗಿದ್ದೇನೆ, ಆ ಗಂಟೆ ಎಷ್ಟು ಸಲ ಬಾರಿಸಿದ್ದೇನೋ ಲೆಕ್ಕವಿಲ್ಲ. ಸ್ವಲ್ಪ ಹಳೇ ಕಥೆ ಹೇಳುತ್ತೇನೆ, ಬೇಡದವರು ಮುಂದಕ್ಕೆ ಹೋಗಿ.

1905ರ ಫೆಬ್ರವರಿ 23ರಂದು ಷಿಕಾಗೋದಲ್ಲಿ ಮೊದಲ ರೋಟರಿ ಸಭೆ ನಡೆದಾಗ ಇದ್ದದ್ದು ನಾಲ್ಕೇ ಜನ. ರೋಟರಿ ಹುಟ್ಟುಹಾಕಿದ ಪಾಲ್ ಹ್ಯಾರಿಸ್ ವಕೀಲ. ಉಳಿದವರಲ್ಲಿ ಒಬ್ಬ ಕಲ್ಲಿದ್ದಲು ವ್ಯಾಪಾರಿ, ಒಬ್ಬ ಗಣಿ ಇಂಜಿನಿಯರ್, ಒಬ್ಬ ದರ್ಜಿ. ಆ ಇಂಜಿನಿಯರ್‌ನ ಆಫೀಸಿನಲ್ಲಿ, 711ನೇ ನಂಬರಿನ ಕೋಣೆಯಲ್ಲಿ ಸೇರಿದ್ದರು. ಮುಂದಿನ ಸಭೆ ಇನ್ನೊಬ್ಬನ ಆಫೀಸಿನಲ್ಲಿ, ಅದರ ಮುಂದಿನದು ಮತ್ತೊಬ್ಬನ ಹತ್ತಿರ. ಹೀಗೆ ಸರದಿ ಪ್ರಕಾರ ಸುತ್ತುತ್ತಿದ್ದರಿಂದಲೇ ರೋಟರಿ ಅನ್ನುವ ಹೆಸರು. ಅಂದರೆ ಹೆಸರೇ ಸಭೆಯಿಂದ ಬಂದದ್ದು, ಸೇವೆಯಿಂದ ಅಲ್ಲ! ಮೊದಲು ಅವರಿಗೆ ಬೇಕಿದ್ದದ್ದು ಸ್ನೇಹ, ಜೊತೆಗೆ ಒಂದಿಷ್ಟು ವ್ಯಾಪಾರ. ಸಾರ್ವಜನಿಕ ಕೆಲಸ ಅಂತ ಕೈಗೆತ್ತಿಕೊಂಡದ್ದು 1907ರಲ್ಲಿ. ಏನು ಗೊತ್ತಾ? ಸಾರ್ವಜನಿಕ ಶೌಚಾಲಯ. ಅದಕ್ಕೆ ನಗರಾಡಳಿತದ ಬೆನ್ನು ಹತ್ತಿದರು. ಫೋಟೋಗೆ ಚೆಂದ ಕಾಣುವ ಪ್ರಾಜೆಕ್ಟ್ ಅಲ್ಲ ಅದು. ಆದರೆ ಪೇಟೆಗೆ ಬರುವವರಿಗೆ ಏನು ಕಷ್ಟ ಅಂತ ಕೂತು ಮಾತಾಡಿದವರಿಗೆ ಮಾತ್ರ ಹೊಳೆಯುವಂಥದ್ದು.

ದಶಕಗಳ ಕಾಲ ವಾರದ ಸಭೆ ಕಡ್ಡಾಯವಾಗಿತ್ತು. ತಪ್ಪಿಸಿಕೊಂಡರೆ 14 ದಿನ ಹಿಂದೆ ಮುಂದೆ ಇನ್ಯಾವುದಾದರೂ ಕ್ಲಬ್‌ನ ಸಭೆಗೆ ಹೋಗಿ ಹಾಜರಿ ಸರಿ ಮಾಡಿಕೊಳ್ಳಬೇಕಿತ್ತು. ಮೇಕಪ್ ಅನ್ನುತ್ತಿದ್ದೆವು. ನಾನು ಪರವೂರಿಗೆ ಮದುವೆಗೆ ಹೋದಾಗ ಅಲ್ಲಿನ ಕ್ಲಬ್‌ಗೆ ಹೋಗಿ ಚೀಟಿ ತಂದದ್ದಿದೆ. ಮನೆಯವಳು ಇವತ್ತಿಗೂ ಅದನ್ನು ಎತ್ತಿ ಆಡುತ್ತಾಳೆ. 2016ರಲ್ಲಿ ನಿಯಮ ಸಡಿಲವಾಯಿತು. ತಿಂಗಳಿಗೆ ಕನಿಷ್ಠ ಎರಡು ಸಲ ಸೇರಿದರೆ ಸಾಕು, ಹೇಗೆ ಅನ್ನುವುದು ಕ್ಲಬ್‌ಗೆ ಬಿಟ್ಟದ್ದು. ಹಾಗಾಗಿ ಕಾರ್ಯದರ್ಶಿಗಳೇ, ನಿಮ್ಮದು ರೋಟರಿಯಾದರೆ ನಿಯಮ ಅಡ್ಡ ಬರುವುದಿಲ್ಲ. ಬೇರೆಯದಾದರೆ ನಿಮ್ಮ ಬೈಲಾ ನೋಡಿಕೊಳ್ಳಿ.

ಆದರೆ ಒಂದು ಮಾತು. ಸಭೆ ಕಮ್ಮಿ ಮಾಡಿದ ಕ್ಲಬ್‌ಗಳನ್ನೂ ನೋಡಿದ್ದೇನೆ. 13 ಇದ್ದದ್ದು 26 ಆಗಲಿಲ್ಲ. ತಿಂಗಳಿಗೆ ಎರಡು ಸಲ ಅದೇ 13.


ಬಿಟ್ಟು ಬಂದವಳು

ನಾನು ನಾಲ್ಕು ವರ್ಷ ಇದ್ದು ಬಿಟ್ಟೆ. ಯಾಕೆ ಬಿಟ್ಟೆ ಅಂತ ಯಾರೂ ಕೇಳಲಿಲ್ಲ, ಇಲ್ಲಿ ಹೇಳುತ್ತೇನೆ.

ನಮ್ಮ ಸಭೆ ರಾತ್ರಿ ಎಂಟಕ್ಕೆ. ಮಕ್ಕಳು ಮಲಗುವ ಹೊತ್ತು. ಸಮಯ ಬದಲಿಸಿ ಅಂತ ಮೂರು ಸಲ ಕೇಳಿದೆ, "ಮೊದಲಿಂದಲೂ ಹೀಗೇ" ಅಂದರು. ಮೊದಲಿಂದ ಅಂದರೆ ಯಾವಾಗಿನಿಂದ? 1987ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಹೇಳುವ ತನಕ ರೋಟರಿಯಲ್ಲಿ ಹೆಂಗಸರಿಗೆ ಸದಸ್ಯತ್ವವೇ ಇರಲಿಲ್ಲ. ಕ್ಯಾಲಿಫೋರ್ನಿಯಾದ ಡುವಾರ್ಟೆ ಅನ್ನುವ ಊರಿನ ಕ್ಲಬ್ ಹೆಂಗಸರನ್ನು ಸೇರಿಸಿಕೊಂಡಿತು ಅಂತ 1978ರಲ್ಲಿ ಆ ಕ್ಲಬ್ಬನ್ನೇ ಹೊರಗೆ ಹಾಕಿದ್ದರು. ಲಯನ್ಸ್ ಕೂಡ ಬಾಗಿಲು ತೆರೆದದ್ದು 1987ರಲ್ಲೇ. ರಾತ್ರಿ ಎಂಟರ ಸಭೆ ನಿಗದಿಯಾದದ್ದು, ಮನೆಯಲ್ಲಿ ಮಕ್ಕಳನ್ನು ಮಲಗಿಸುವ ಇನ್ನೊಬ್ಬರು ಇದ್ದವರ ಕಾಲದಲ್ಲಿ.

ಆದರೆ ಸಮಯಕ್ಕಿಂತ ದೊಡ್ಡ ಕಾರಣ ಬೇರೆ. ನಾಲ್ಕು ವರ್ಷದಲ್ಲಿ ಸಭೆಯಲ್ಲಿ ನನ್ನನ್ನು ಕೇಳಿದ ಪ್ರಶ್ನೆ ಒಂದೇ: "ಮೇಡಂ, ಇವತ್ತು ನಿರೂಪಣೆ ನೀವು ಮಾಡ್ತೀರಾ?" ಯಾವ ಕೆಲಸ ಮಾಡಬೇಕು, ಎಲ್ಲಿ ಮಾಡಬೇಕು ಅನ್ನುವುದೆಲ್ಲ ಬೋರ್ಡ್‌ನಲ್ಲಿ ಮೊದಲೇ ತೀರ್ಮಾನ ಆಗಿರುತ್ತಿತ್ತು. ಸಭೆಯಲ್ಲಿ ಬರೀ ಘೋಷಣೆ. ತೀರ್ಮಾನ ಇಲ್ಲದ ಸಭೆಗೆ ಯಾಕೆ ಬರಬೇಕು ಹೇಳಿ? ಹಾಜರಿಗೋಸ್ಕರ?


ಶಾಲೆ ಕಡೆಯಿಂದ

ನಾನು ಯಾವ ಕ್ಲಬ್ಬಿನ ಸದಸ್ಯೆಯೂ ಅಲ್ಲ. ನಿಮ್ಮಂಥ ಕ್ಲಬ್‌ಗಳು ಬಂದು "ಸೇವೆ" ಮಾಡುವ ಶಾಲೆಯ ಮುಖ್ಯ ಶಿಕ್ಷಕಿ. ಹೊರಗಿನವಳು ಮಧ್ಯೆ ಬಾಯಿ ಹಾಕಿದೆ ಅಂತ ಬೇಜಾರಾಗಬೇಡಿ.

ನಮ್ಮಲ್ಲಿ ಮೂರು ನೀರಿನ ಫಿಲ್ಟರ್ ಇವೆ. ಮೂರು ಬೇರೆ ಬೇರೆ ಕ್ಲಬ್ ಕೊಟ್ಟದ್ದು. ಮೂರಕ್ಕೂ ಮೇಲೆ ದೊಡ್ಡದಾಗಿ ಹೆಸರು, ಲಾಂಛನ. ಮೂರೂ ಕೆಟ್ಟಿವೆ. ಕೆಟ್ಟಿವೆ ಅಂದರೆ ಮೋಟಾರ್ ಸುಟ್ಟದ್ದಲ್ಲ, ಒಳಗಿನ ಕ್ಯಾಂಡಲ್ ಮತ್ತು ಕಾರ್ಟ್ರಿಜ್ ಬದಲಾಯಿಸಬೇಕು ಅಷ್ಟೇ. ಒಂದೊಂದರದ್ದೂ ಒಂದೊಂದು ಅಳತೆ, ಒಂದರದ್ದು ಇನ್ನೊಂದಕ್ಕೆ ಕೂರುವುದಿಲ್ಲ. ಆ ಖರ್ಚಿಗೆ ನಮ್ಮ ಲೆಕ್ಕದಲ್ಲಿ ಜಾಗವಿಲ್ಲ. ಕೊಟ್ಟವರಿಗೆ ಫೋನ್ ಮಾಡಿದರೆ, "ಅದು ಹಿಂದಿನ ಅಧ್ಯಕ್ಷರ ವರ್ಷದ ಪ್ರಾಜೆಕ್ಟ್" ಅಂದರು.

ನಿಮಗೆ ಅಧ್ಯಕ್ಷರು ವರ್ಷಕ್ಕೊಬ್ಬರು ಬದಲಾಗುತ್ತಾರೆ. ನಮಗೆ ಮಕ್ಕಳು ಅವರೇ.

ನನ್ನ ಶಾಲೆಗೆ ನಿಜವಾಗಿ ಬೇಕಿದ್ದದ್ದು ವಾರಕ್ಕೆ ಎರಡು ದಿನ ಸಂಜೆ ಮೂರನೇ ಕ್ಲಾಸಿನ ಮಕ್ಕಳ ಪಕ್ಕ ಕೂತು ಓದಿಸುವ ನಾಲ್ಕು ಜನ. ಅಂಥ ಮಕ್ಕಳು 11 ಇದ್ದರು. ಅದನ್ನೂ ಹೇಳಿದ್ದೆ. ಅದಕ್ಕೆ ಬ್ಯಾನರ್ ಕಟ್ಟಲಾಗುವುದಿಲ್ಲ ಅಂತಲೋ ಏನೋ, ಯಾರೂ ಬರಲಿಲ್ಲ.


ಮೂಲೆ ಕುರ್ಚಿ

ಮೇಡಂ, ನಾಚಿಕೆ ಆಯಿತು. ನಮ್ಮ ಕ್ಲಬ್ಬೂ ಫಿಲ್ಟರ್ ಕೊಟ್ಟಿದೆ. ಎಲ್ಲಿಗೆ ಅಂತ ಈಗ ನನಗೆ ನೆನಪೇ ಇಲ್ಲ.


ಹೊಸ ಕಾರ್ಯದರ್ಶಿ

ಈ ಮಾತು ಓದಿದ ಮೇಲೆ ಕೂತಲ್ಲಿ ಕೂರಲಾಗಲಿಲ್ಲ. ಹೋಗಿ ಹಳೇ ಕಡತಗಳ ಪೆಟ್ಟಿಗೆ ತೆಗೆದೆ.

ನಮ್ಮ ಕಳೆದ ವರ್ಷದ ದೊಡ್ಡ ಕೆಲಸ ಕಣ್ಣಿನ ತಪಾಸಣೆ ಶಿಬಿರ. ಅದರ ವರದಿ ಚೆನ್ನಾಗಿದೆ. ಬಣ್ಣದ ಫೋಟೋ 14. ತಪಾಸಣೆ ಆದವರು 118. ಹೆಚ್ಚಿನ ಚಿಕಿತ್ಸೆಗೆ ಬರೆದುಕೊಟ್ಟದ್ದು 23 ಜನರಿಗೆ. ಆಮೇಲೆ? ಆಮೇಲೆ ಏನೂ ಇಲ್ಲ. ವರದಿ ಅಲ್ಲಿಗೇ ಮುಗಿದಿದೆ. ಆ 23 ಜನ ಆಸ್ಪತ್ರೆಗೆ ಹೋದರಾ ಇಲ್ವಾ ಅಂತ ನಡಾವಳಿ ಪುಸ್ತಕದಲ್ಲಿ ಹುಡುಕಿದೆ. ಶಿಬಿರದ ನಂತರದ ಸಭೆಯಲ್ಲಿ ಬರೆದಿರುವುದು: "ಶಿಬಿರ ಯಶಸ್ವಿಯಾಗಿದ್ದಕ್ಕೆ ಸದಸ್ಯರನ್ನು ಅಭಿನಂದಿಸಲಾಯಿತು." ಅದರ ಮುಂದಿನ ವಾರ ಯಾರೋ ಒಬ್ಬರು ಷೇರು ಮಾರುಕಟ್ಟೆ ಬಗ್ಗೆ ಮಾತಾಡಿದ್ದಾರೆ.

23 ಹೆಸರಿನ ಹಾಳೆ ಪೆಟ್ಟಿಗೆಯ ತಳದಲ್ಲಿ ಸಿಕ್ಕಿತು. ಪಿನ್ ತುಕ್ಕು ಹಿಡಿದು ಕಾಗದಕ್ಕೆ ಕಂದು ಕಲೆ ಬಿದ್ದಿದೆ. ಹೆಸರು, ವಯಸ್ಸು, ಫೋನ್ ನಂಬರ್, ಬಲಗಣ್ಣು, ಎಡಗಣ್ಣು. ಕೊನೆಯ ಕಾಲಂ ತಲೆಬರಹ "ಷರಾ". ಅದು ಪೂರ್ತಿ ಖಾಲಿ.


ಆರು ಮೀಟರ್

ಕಣ್ಣಿನ ಪರೀಕ್ಷೆ ನನ್ನ ವೃತ್ತಿ. ಇಂಥ ಶಿಬಿರಗಳಿಗೆ ಹೋಗಿಹೋಗಿ ಒಂದಿಷ್ಟು ಗೊತ್ತಾಗಿದೆ.

ಮೊದಲು ಸಣ್ಣ ವಿಷಯ. ಸ್ವಯಂಸೇವಕರಿಗೆ ಚಾರ್ಟ್ ಕೊಟ್ಟರೆ ಹೆಜ್ಜೆ ಹಾಕಿ ದೂರ ಅಳೆಯುತ್ತಾರೆ. ದಯವಿಟ್ಟು ಟೇಪ್ ಹಿಡಿಯಿರಿ. ಆರು ಮೀಟರಿನ ಚಾರ್ಟಿಗೆ ಆರು ಮೀಟರ್ ಅಂದರೆ ಆರು ಮೀಟರೇ. ಜನ ಜಾಸ್ತಿಯಾದಾಗ ಸಾಲು ಮುಂದೆ ಮುಂದೆ ಒತ್ತಿಕೊಂಡು ಬರುತ್ತದೆ, ನಾಲ್ಕೂವರೆ ಮೀಟರಿನಲ್ಲಿ ಎಲ್ಲರಿಗೂ ಎಲ್ಲವೂ ಕಾಣುತ್ತದೆ. ನೆಲಕ್ಕೆ ಒಂದು ಗೆರೆ ಎಳೆದು, ಗೆರೆ ಕಾಯಲು ಒಬ್ಬರನ್ನು ನಿಲ್ಲಿಸಿ. ಇನ್ನೊಂದು, ಒಂದು ಕಣ್ಣು ಮುಚ್ಚಿ ಅಂದರೆ ಬೆರಳಿನಿಂದ ಒತ್ತಿ ಹಿಡಿಯುತ್ತಾರೆ. ಕೈ ತೆಗೆದಾಗ ಆ ಕಣ್ಣು ಮಂಜಾಗಿರುತ್ತದೆ, ಇಲ್ಲದ ದೋಷ ಕಾಣುತ್ತದೆ. ಅಂಗೈ ಬಟ್ಟಲು ಮಾಡಿ ಮುಚ್ಚಿಸಬೇಕು.

ಈಗ ದೊಡ್ಡ ವಿಷಯ. ವಿಶ್ವ ಆರೋಗ್ಯ ಸಂಸ್ಥೆಯ 2019ರ ವರದಿ ಪ್ರಕಾರ ಪ್ರಪಂಚದಲ್ಲಿ ಕನಿಷ್ಠ 220 ಕೋಟಿ ಜನರಿಗೆ ದೃಷ್ಟಿದೋಷ ಇದೆ. ಅದರಲ್ಲಿ ಕನಿಷ್ಠ 100 ಕೋಟಿ ಜನರದ್ದು ತಡೆಯಬಹುದಾಗಿದ್ದ ಅಥವಾ ಇನ್ನೂ ಚಿಕಿತ್ಸೆ ಸಿಗದೇ ಉಳಿದ ತೊಂದರೆ. ಕನ್ನಡಕ, ಕಣ್ಣಿನ ಪೊರೆ, ಬಹಳ ಮಟ್ಟಿಗೆ ಇಷ್ಟೇ. ಕಾಯಿಲೆ ಕಂಡುಹಿಡಿಯುವುದು ಅಂಥ ಕಷ್ಟ ಅಲ್ಲ. ಕಂಡುಹಿಡಿದ ಮೇಲೆ ಆಸ್ಪತ್ರೆ ಬಾಗಿಲ ತನಕ ಹೋಗುವುದಿದೆಯಲ್ಲ, ಅಲ್ಲಿ ಜನ ಉದುರುತ್ತಾರೆ. ಜೊತೆಗೆ ಬರುವವರಿಲ್ಲ, ಭಯ, ಒಂದು ದಿನದ ದುಡಿಮೆ ಹೋಗುತ್ತದೆ, ಒಂದು ಕಣ್ಣು ಕಾಣುತ್ತಲ್ಲ ಬಿಡಿ ಅನ್ನುವ ಸಮಾಧಾನ. ಇದಕ್ಕೆ ಡಾಕ್ಟರ್ ಬೇಕಿಲ್ಲ. ಫೋನ್ ಮಾಡುವವರು ಬೇಕು, ಕಾರು ಇರುವವರು ಬೇಕು.

1925ರಲ್ಲಿ ಹೆಲೆನ್ ಕೆಲ್ಲರ್ ಲಯನ್ಸ್ ಸಮ್ಮೇಳನಕ್ಕೆ ಬಂದು ಕುರುಡರ ಪರ ನಿಲ್ಲಿ ಅಂತ ಕೇಳಿದಾಗಿನಿಂದ ಕಣ್ಣಿನ ಕೆಲಸ ಅಂದರೆ ಸೇವಾ ಕ್ಲಬ್ ಅನ್ನುವ ಹಾಗಾಗಿದೆ. ಒಳ್ಳೆಯದೇ. ಆದರೆ ನಿಮ್ಮ ಆ 23ರ ಹಾಳೆ ಇದೆಯಲ್ಲ ಸರ್, ಅದೇ ಶಿಬಿರ. 118 ಬರೀ ಜನಸಂದಣಿ.


ಸುಮ್ನೆ ಬರುವವನು

ನನ್ನ ವಯಸ್ಸು 74. ಹೆಂಡತಿ ಹೋಗಿ ಆರು ವರ್ಷ. ಮಕ್ಕಳು ದೂರ. ಗುರುವಾರದ ಸಭೆ ಇದ್ದರೆ ಬುಧವಾರವೇ ಷರ್ಟ್ ಇಸ್ತ್ರಿ ಮಾಡಿಟ್ಟುಕೊಳ್ಳುತ್ತೇನೆ. ಭಾಷಣ ಅರ್ಧ ಕೇಳಿಸುವುದಿಲ್ಲ, ಕಿವಿ ಮಂದ. ಆದರೂ ಬರುತ್ತೇನೆ. ನಾನು ಒಂದು ವಾರ ಹೋಗದಿದ್ದರೆ ಸಾರ್ಜೆಂಟ್ (ಸಭೆಯ ಶಿಸ್ತು ನೋಡಿಕೊಳ್ಳುವ ಪದಾಧಿಕಾರಿ) ಹುಡುಗ ಫೋನ್ ಮಾಡಿ "ಏನ್ ಸರ್, ದಂಡ ಹಾಕ್ಲಾ?" ಅನ್ನುತ್ತಾನೆ. ವಾರದಲ್ಲಿ ನನಗೆ ಬರುವ ಫೋನ್ ಹೆಚ್ಚುಕಮ್ಮಿ ಅದೊಂದೇ.

ಸಭೆ ಕಮ್ಮಿ ಮಾಡುವುದಾದರೆ ಮಾಡಿ. ನನ್ನಂಥವರೂ ಇದ್ದೇವೆ ಅಂತ ತಿಳಿದಿರಲಿ ಅಂತ ಬರೆದೆ.


ಹೊಸ ಕಾರ್ಯದರ್ಶಿ

ಸರ್, ನೀವು ಬರೆದದ್ದು ಒಳ್ಳೆಯದಾಯಿತು. ಹಾಜರಿ ಪುಸ್ತಕದಲ್ಲಿ ಇದು ಕಾಣುವುದಿಲ್ಲ.


ತಂಪು ಪೆಟ್ಟಿಗೆ

ರಕ್ತನಿಧಿಯಲ್ಲಿ ಟೆಕ್ನಿಷಿಯನ್ ನಾನು. ಸಭೆ ಬೇಕೋ ಬೇಡವೋ ನನಗೆ ಗೊತ್ತಿಲ್ಲ. ಆದರೆ ಕ್ಲಬ್‌ಗಳು ಒಬ್ಬರಿಗೊಬ್ಬರು ಮಾತಾಡದೇ ಇದ್ದರೆ ಏನಾಗುತ್ತೆ ಅಂತ ನಮ್ಮ ಫ್ರಿಜ್‌ಗೆ ಗೊತ್ತು.

ಪದಗ್ರಹಣ ಆದ ಹೊಸದರಲ್ಲಿ ಎಲ್ಲ ಕ್ಲಬ್‌ಗೂ ಹುರುಪು. ಒಂದೇ ವಾರದಲ್ಲಿ ಮೂರು ರಕ್ತದಾನ ಶಿಬಿರ. ನಮ್ಮ ಕಡೆ ಇರುವ ಸಿಬ್ಬಂದಿ ಅಷ್ಟೇ, ರಾತ್ರಿಯೆಲ್ಲ ಕೂತು ರಕ್ತದಿಂದ ಕೆಂಪುಕಣ, ಪ್ಲೇಟ್‌ಲೆಟ್ ಬೇರ್ಪಡಿಸುತ್ತೇವೆ. ಕೆಂಪುಕಣವನ್ನು 2ರಿಂದ 6 ಡಿಗ್ರಿಯಲ್ಲಿ ಇಟ್ಟರೆ ಹೆಚ್ಚೆಂದರೆ 42 ದಿನ ಬರುತ್ತದೆ. ಪ್ಲೇಟ್‌ಲೆಟ್ ಹಾಗಲ್ಲ. ಅದನ್ನು 20ರಿಂದ 24 ಡಿಗ್ರಿಯಲ್ಲಿ, ಸದಾ ತೂಗುತ್ತಿರುವ ತಟ್ಟೆಯ ಮೇಲೆ ಇಡಬೇಕು. ಸಾಮಾನ್ಯವಾಗಿ 5 ದಿನ ಅಷ್ಟೇ ಆಯಸ್ಸು. ಐದನೇ ದಿನ ಸಂಜೆ ನಾನು ಆ ಚೀಲಗಳನ್ನು ಒಂದೊಂದಾಗಿ ಎತ್ತಿ ಬಿಸಾಡಬೇಕು. ಯಾರೋ ತೋಳು ಚಾಚಿ ಮಲಗಿ ಕೊಟ್ಟದ್ದು ಅದು. ಇದಾಗಿ ಎರಡು ತಿಂಗಳಿಗೆ ಅದೇ ಗುಂಪಿನ ರಕ್ತಕ್ಕೆ ರೋಗಿಯ ಮನೆಯವರು ಓಡಾಡುತ್ತಿರುತ್ತಾರೆ. ಜುಲೈನಲ್ಲಿ ಕೊಟ್ಟವರನ್ನು ಆಗ ಕರೆಯುವ ಹಾಗಿಲ್ಲ, ಒಮ್ಮೆ ಕೊಟ್ಟ ಮೇಲೆ ಆಯಾ ದೇಶದ ನಿಯಮ ನೋಡಿಕೊಂಡು ಎರಡರಿಂದ ನಾಲ್ಕು ತಿಂಗಳು ಬಿಡುವು ಬೇಕು.

ದೊಡ್ಡ ಶಿಬಿರ ಬೇಡ. ವಾರಕ್ಕೆ ನಾಲ್ಕೈದು ಜನ ಬಂದರೆ ನಮಗೆ ಅದೇ ಹಬ್ಬ. ನಿಮ್ಮ ವಾರದ ಸಭೆಯಲ್ಲಿ "ಈ ವಾರ ಯಾರ ಸರದಿ" ಅಂತ ಒಂದು ಹಾಳೆ ಹರಿದಾಡಿಸಿದರೆ ಸಾಕು. ಅದಕ್ಕೆ ಬ್ಯಾನರ್ ಬೇಕಿದ್ದರೆ ನಾನೇ ಬರೆದುಕೊಡುತ್ತೇನೆ.


ಲೆಕ್ಕದ ಪುಸ್ತಕ

ಖಜಾಂಚಿ ಕಡೆಯಿಂದ ಒಂದು ಮಾತು, ಚುಟುಕಾಗಿ. ಫಿಲ್ಟರ್ ಕ್ಯಾಂಡಲ್‌ಗೆ ದುಡ್ಡಿಲ್ಲ ಅನ್ನುವುದು ಬಹಳ ಸಲ ನಿಜವಲ್ಲ, ಎರಡು ಖಾತೆಯ ಗೊಂದಲ. ಆಡಳಿತದ ಖಾತೆ ಸದಸ್ಯರ ಚಂದಾದಿಂದ ನಡೆಯುತ್ತದೆ. ಸೇವಾ ಖಾತೆ ಜನರಿಂದ ಎತ್ತಿದ ಹಣ. ಜನರಿಂದ ಬಂದದ್ದು ಜನರಿಗೇ ಹೋಗಬೇಕು, ಅದರಿಂದ ಸಭೆಯ ಖರ್ಚು ಮಾಡುವಂತಿಲ್ಲ. ಲಯನ್ಸ್‌ನಲ್ಲಿ ಇದು ಕಟ್ಟುನಿಟ್ಟು. ಆದರೆ ಸೇವಾ ಖಾತೆಯಿಂದ ಹಳೇ ಕೆಲಸದ ರಿಪೇರಿಗೆ ಖರ್ಚು ಮಾಡಬಾರದು ಅಂತ ಎಲ್ಲೂ ಇಲ್ಲ. ಮಾಡುವುದಿಲ್ಲ ಅಷ್ಟೇ. ಹೊಸ ಅಧ್ಯಕ್ಷರ ವರದಿಯಲ್ಲಿ "ಹಳೇ ಫಿಲ್ಟರ್ ರಿಪೇರಿ" ಅಂತ ಬಂದರೆ ಶೋಭೆ ಇಲ್ಲ ಅಲ್ವಾ!

ನಾನು ಮಾಡಿದ ಒಂದು ಕೆಲಸ: ಏನೇ ಕೊಟ್ಟರೂ ಅದರ ಜೊತೆಗೆ ಮೂರು ವರ್ಷದ ನಿರ್ವಹಣೆಗೆ ಅಂತ ಅದೇ ದಿನ ಹಣ ಎತ್ತಿಡುವುದು. ಇದರಿಂದ ಐದು ಕೊಡುವ ಜಾಗದಲ್ಲಿ ಮೂರು ಕೊಟ್ಟೆವು. ಮೊದಲ ವರ್ಷ ಬೈದರು.


ಮೂಲೆ ಕುರ್ಚಿ

ಎಲ್ಲ ಸರಿ, ಒಪ್ಪಿದೆ. ಆದರೆ ಇದಕ್ಕೂ ವಾರದ ಸಭೆಗೂ ಏನು ಸಂಬಂಧ? 23 ಜನರಿಗೆ ಫೋನ್ ಮಾಡುವುದು, ರಕ್ತದಾನದ ಸರದಿ, ಫಿಲ್ಟರ್ ರಿಪೇರಿ, ಇದೆಲ್ಲ ಒಂದು ಶೀಟ್ ಮಾಡಿ ಗ್ರೂಪಿಗೆ ಹಾಕಿದರೆ ಆಯಿತು. ಸಭೆ ಮಾಡಿಯೇ ಮಾಡಬೇಕಾ?


ಗಂಟೆ ಬಾರಿಸಿದವನು

ನಿಮ್ಮ ಮರಗಳು ಹೇಗಿವೆ?


ಮೂಲೆ ಕುರ್ಚಿ

ಯಾವ ಮರ ಸರ್?


ಗಂಟೆ ಬಾರಿಸಿದವನು

30 ಜನ ಬಂದು ನೆಟ್ಟದ್ದು ಅಂದಿರಲ್ಲ, ಅವು.


ಮೂಲೆ ಕುರ್ಚಿ

ಸರ್ ನೀವು ಬಹಳ ಕೆಟ್ಟವರು. ನಾಳೆ ಹೋಗಿ ನೋಡಿ ಬಂದು ಹೇಳುತ್ತೇನೆ.


ಗಂಟೆ ಬಾರಿಸಿದವನು

ತಮಾಷೆಗೆ ಕೇಳಿದೆ, ತಪ್ಪು ತಿಳಿಯಬೇಡಿ. ನಾನೂ ನೆಟ್ಟು ಮರೆತವನೇ.

ಶೀಟ್ ಹಾಕಿದರೆ ಆಗುವುದಿಲ್ಲವಾ ಅಂದಿರಿ. ಆಗಬಹುದು. ನನ್ನ ಅನುಭವ ಬೇರೆ. ಪೋಲಿಯೋ ಕೆಲಸಕ್ಕೆ ಹೋದವನು ನಾನು. ರೋಟರಿ 1985ರಲ್ಲಿ ಪೋಲಿಯೋ ಪ್ಲಸ್ ಅನ್ನುವ ಲಸಿಕೆ ಕಾರ್ಯಕ್ರಮ ಶುರು ಮಾಡಿತು, 1988ರಲ್ಲಿ ಎಲ್ಲ ದೇಶಗಳೂ ಸೇರಿ ನಿರ್ಮೂಲನೆಗೆ ಹೊರಟವು. ಆಗ 125ಕ್ಕೂ ಹೆಚ್ಚು ದೇಶಗಳಲ್ಲಿ ವರ್ಷಕ್ಕೆ ಸುಮಾರು 3.5 ಲಕ್ಷ ಮಕ್ಕಳಿಗೆ ಪೋಲಿಯೋ ಬರುತ್ತಿತ್ತು. ಈಗ ಕಾಡು ವೈರಸ್ (ಲಸಿಕೆಯಿಂದ ಬಂದದ್ದಲ್ಲ, ಸಹಜವಾಗಿ ಹರಡುವ ಪೋಲಿಯೋ ವೈರಸ್) ನೆಲೆಯೂರಿ ಉಳಿದಿರುವುದು ಪಾಕಿಸ್ತಾನ, ಅಫ್ಘಾನಿಸ್ತಾನ ಎರಡೇ ಕಡೆ. ಇಷ್ಟು ದೊಡ್ಡ ಕೆಲಸ ಹೇಗಾಯಿತು ಅಂತ ಜನ ಕೇಳಿದಾಗ ನನಗೆ ನೆನಪಾಗುವುದು ಸೀಮೆಸುಣ್ಣ.

ಬೂತ್ ದಿನ ಮಗುವಿಗೆ ಎರಡು ಹನಿ ಹಾಕಿ ಕಿರುಬೆರಳಿಗೆ ಮಸಿ ಹಚ್ಚುತ್ತೇವೆ. ಫೋಟೋ ಎಲ್ಲ ಅವತ್ತೇ. ಅಸಲಿ ಕೆಲಸ ಮರುದಿನ. ಮನೆ ಮನೆಗೆ ಹೋಗಿ ಮಕ್ಕಳ ಬೆರಳು ನೋಡುವುದು, ಆದ ಮನೆಗೆ ಬಾಗಿಲ ಪಕ್ಕ ಸೀಮೆಸುಣ್ಣದಲ್ಲಿ ಒಂದು ಗುರುತು, ಮಗು ತಪ್ಪಿಹೋದ ಮನೆಗೆ ಬೇರೆ ಗುರುತು. ಬಾಗಿಲು ಹಾಕಿತ್ತು, ಮಗು ಅಜ್ಜಿ ಮನೆಗೆ ಹೋಗಿದೆ, ಅಪ್ಪ ಬೇಡ ಅಂದ, ಎಲ್ಲ ಬರೆದುಕೊಳ್ಳಬೇಕು. ಸಂಜೆ ನಾವು ಏಳೆಂಟು ಜನ ಒಟ್ಟಿಗೆ ಕೂತು ಬಾಕಿ ಮನೆಗಳನ್ನು ಜೋರಾಗಿ ಓದುತ್ತಿದ್ದೆವು. ಒಂದು ಮನೆಗೆ ನಾನು ಎರಡು ಸಲ ಹೋಗಿ ಬೈಸಿಕೊಂಡು ಬಂದಿದ್ದೆ. ಪಟ್ಟಿ ಓದುವಾಗ ಪಕ್ಕದಲ್ಲಿ ಕೂತ ಟೈಲರ್ ಒಬ್ಬ, "ಅಯ್ಯೋ ಅವರಾ, ನನ್ನ ಹತ್ತಿರ ಬಟ್ಟೆ ಹೊಲಿಸೋರು, ನಾನು ಹೋಗ್ತೀನಿ" ಅಂದ. ಮರುದಿನ ಆ ಮಗುವಿಗೆ ಹನಿ ಬಿತ್ತು. ಅದೇ ಪಟ್ಟಿ ಬೆಳಿಗ್ಗೆಯಿಂದ ಆ ಟೈಲರ್ ಕೈಯಲ್ಲೂ ಇತ್ತು, ಓದಿರಲಿಲ್ಲ. ಎದುರು ಕೂತು ಒಬ್ಬರು ಓದಿದಾಗ ಕಿವಿಗೆ ಬಿತ್ತು.

ಗ್ರೂಪಿನಲ್ಲಿ ಹಾಕಿದ್ದಕ್ಕೆ ಹೆಬ್ಬೆರಳು ಒತ್ತಿದರೆ ಮುಗಿಯಿತು. ಎದುರಿಗೆ ಕೂತಾಗ ಹೆಬ್ಬೆರಳು ಒತ್ತಿ ಪಾರಾಗಲು ಆಗುವುದಿಲ್ಲ.


ಬಿಟ್ಟು ಬಂದವಳು

ಇಂಥ ಸಭೆ ಇದ್ದಿದ್ದರೆ ನಾನು ಮಗುವನ್ನು ಎತ್ತಿಕೊಂಡೇ ಬರುತ್ತಿದ್ದೆ ಸರ್. ಕಾರ್ಯದರ್ಶಿಗಳೇ, ಎರಡು ವಾರಕ್ಕೊಮ್ಮೆ ಮಾಡಿ, ವಾರಕ್ಕೊಮ್ಮೆ ಮಾಡಿ. ಭಾಷಣಕ್ಕಿಂತ ಮೊದಲು ಆ 23ರ ಹಾಳೆ ಓದಿಸಿ. ಭಾಷಣಕಾರರು ಕಾಯಲಿ.


ಹೊಸ ಕಾರ್ಯದರ್ಶಿ

ಮೂರು ವಾರ ಆಯಿತು. ಏನಾಯಿತು ಅಂತ ಕೆಲವರು ಕೇಳಿದ್ದೀರಿ.

ಎರಡು ಸಭೆಯ ಪ್ರಸ್ತಾಪ ನಾನು ಇಡಲಿಲ್ಲ. ಬದಲಿಗೆ ಅಧ್ಯಕ್ಷರನ್ನು ಬೇರೆ ಒಂದು ಕೇಳಿದೆ: ಗಂಟೆ ಬಾರಿಸಿದ ಕೂಡಲೇ ಮೊದಲ 20 ನಿಮಿಷ ನನಗೆ ಕೊಡಿ, ಸ್ವಾಗತ ಆಮೇಲೆ. ಅವರಿಗೆ ಇಷ್ಟವಾಗಲಿಲ್ಲ. ಅತಿಥಿಗಳು ಏನಂದುಕೊಳ್ಳುತ್ತಾರೆ ಅಂದರು. ಅತಿಥಿ ಇಲ್ಲದ ವಾರ ನೋಡಿ ಮಾಡೋಣ ಅಂದೆ. ಹೂಂ ಅಂದರು.

ಅವತ್ತು ಬಂದದ್ದು 11 ಜನ. 23ರ ಹಾಳೆಯನ್ನು ಕತ್ತರಿಸಿ ಎಲ್ಲರಿಗೂ ಎರಡೆರಡು ಹೆಸರು ಹಂಚಿದೆ, ನಾನು ಮೂರು ಇಟ್ಟುಕೊಂಡೆ. ಮನೆಗೆ ಹೋಗಿ ಮಾಡಿ ಅನ್ನಲಿಲ್ಲ. ಇಲ್ಲೇ, ಈಗಲೇ ಫೋನ್ ಮಾಡಿ ಅಂದೆ. ಮೊದಲು ಎಲ್ಲರೂ ಮುಖ ಮುಖ ನೋಡಿಕೊಂಡರು. ಆಮೇಲೆ ಒಬ್ಬೊಬ್ಬರೇ ಎದ್ದು ಕಿಟಕಿ ಹತ್ತಿರ, ಮೆಟ್ಟಿಲ ಹತ್ತಿರ, ನೋಟಿಸ್ ಬೋರ್ಡ್ ಕಡೆ ಮುಖ ಮಾಡಿ ನಿಂತು ಮಾತಾಡಲು ಶುರು ಮಾಡಿದರು. ಹನ್ನೊಂದು ಜನ ಒಟ್ಟಿಗೆ "ಹಲೋ, ಕಣ್ಣಿನ ಶಿಬಿರದಿಂದ ಮಾತಾಡ್ತಿದ್ದೀವಿ" ಅನ್ನುವುದು ಕೇಳಲು ಮಜವಾಗಿತ್ತು. ನಮ್ಮಲ್ಲೂ ಒಬ್ಬ ಹಿರಿಯರಿದ್ದಾರೆ, ಮಾತು ಕಮ್ಮಿ. ಅವರು ಒಬ್ಬ ಅಜ್ಜಿ ಜೊತೆ 17 ನಿಮಿಷ ಮಾತಾಡಿದರು. ಕಣ್ಣಿನ ವಿಷಯ ಎರಡು ನಿಮಿಷ ಇತ್ತೇನೋ.

ಲೆಕ್ಕ ಹೀಗಿದೆ. 9 ಜನ ತಾವೇ ಹೋಗಿ ಪೊರೆ ತೆಗೆಸಿಕೊಂಡಿದ್ದಾರೆ. 2 ಜನ ಕನ್ನಡಕ ಮಾಡಿಸಿಕೊಂಡು ಆರಾಮಾಗಿದ್ದಾರೆ. 3 ಜನರಿಗೆ ಭಯ, ಬೇಡ ಅಂದರು. 4 ಜನರಿಗೆ ಹೋಗಲು ಮನಸ್ಸಿದೆ, ಕರೆದುಕೊಂಡು ಹೋಗುವವರಿಲ್ಲ. 5 ನಂಬರ್ ಸಿಗಲೇ ಇಲ್ಲ.

ಹಾಳೆಯ "ಷರಾ" ಕಾಲಂ ತುಂಬಿದ್ದು ನೋಡಿ ನನಗೆ ಆದ ಖುಷಿ ಹೇಳಲಾರೆ. ಕೆಟ್ಟ ಸುದ್ದಿಯೂ ಅದರಲ್ಲಿದೆ. ಒಂದು ವರ್ಷ ಪೂರ್ತಿ ಒಬ್ಬರು ಫೋನಿಗೆ ಕಾಯುತ್ತಿದ್ದರಂತೆ. "ನೀವೇ ಕರೀತೀವಿ ಅಂದಿದ್ರಲ್ಲ" ಅಂದರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಮುಂದಿನ ವಾರ 14 ಜನ ಬಂದರು. ಅದರ ಮುಂದಿನ ವಾರ 12. ಹಾಗಾಗಿ ಜನ ನುಗ್ಗಿ ಬಂದರು ಅಂತ ಹೇಳುವ ಹಾಗಿಲ್ಲ. ಭಾಷಣವೂ ಇದೆ, ಎರಡು ವಾರಕ್ಕೊಂದು ಅಂತ ಮಾಡಿದ್ದೇವೆ. ಸಮಯ ಆರೂವರೆಗೆ ತಂದಿದ್ದೇವೆ, ಮೂರು ತಿಂಗಳ ಪ್ರಯೋಗ. ಇದಕ್ಕೆ ಇಬ್ಬರು ಹಿರಿಯರು ನನ್ನ ಜೊತೆ ಮಾತು ಬಿಟ್ಟಿದ್ದಾರೆ.


ಆರು ಮೀಟರ್

ಆ ಭಯದ ಮೂರು ಜನ ಇದ್ದಾರಲ್ಲ, ಅವರನ್ನು ಆಪರೇಷನ್ ಆದ 9 ಜನರಲ್ಲಿ ಯಾರ ಜೊತೆಯಾದರೂ ಮಾತಾಡಿಸಿ. ಒಪ್ಪಿದರೆ ಮಾತ್ರ. ನಾವು ನೂರು ಸಲ ಹೇಳಿದರೂ ಆಗದ್ದು ಅದರಿಂದ ಆಗುತ್ತದೆ.


ಮೂಲೆ ಕುರ್ಚಿ

ಮರಗಳನ್ನು ನೋಡಿ ಬಂದೆ. 60 ನೆಟ್ಟಿದ್ದೆವು. 22 ಬದುಕಿವೆ. ಅದರಲ್ಲಿ 9 ಒಂದೇ ಸಾಲಿನಲ್ಲಿ, ಎದುರು ಮನೆಯ ಹೆಂಗಸು ಪಾತ್ರೆ ತೊಳೆದ ನೀರು ಹಾಕುತ್ತಿದ್ದಾರಂತೆ. ಯಾರು ನೆಟ್ಟದ್ದು ಅಂತ ಅವರಿಗೆ ಗೊತ್ತಿಲ್ಲ. ನಾನೂ ಹೇಳಲಿಲ್ಲ.


ಶಾಲೆ ಕಡೆಯಿಂದ

ಒಂದು ಸುದ್ದಿ. ಇದನ್ನು ಓದಿದ ಒಬ್ಬರು ಸಂದೇಶ ಕಳಿಸಿ, ಹತ್ತಿರದವರೇ ಅಂತ ಗೊತ್ತಾಗಿ, ಸೋಮವಾರ ಶಾಲೆಗೆ ಬಂದಿದ್ದರು. ಫಿಲ್ಟರ್ ನೋಡಲು ಬಂದಿದ್ದಾರೆ ಅಂದುಕೊಂಡೆ. "ಆ 11 ಮಕ್ಕಳಲ್ಲಿ ಎರಡು ನನಗೆ ಕೊಡಿ" ಅಂದರು. ಕೊಟ್ಟಿದ್ದೇನೆ. ಇನ್ನು 9 ಇವೆ.


ಹೊಸ ಕಾರ್ಯದರ್ಶಿ

ಮೇಡಂ, ಸಂಜೆ ಎಷ್ಟು ಗಂಟೆಗೆ ಅಂತ ತಿಳಿಸಿ. ಗುರುವಾರ ಓದಿ ಹೇಳುತ್ತೇನೆ.

ಕರೆದೊಯ್ಯಲು ಕಾಯುತ್ತಿದ್ದ ನಾಲ್ವರಲ್ಲಿ ಇಬ್ಬರನ್ನು ಶನಿವಾರ ಕರೆದುಕೊಂಡು ಹೋಗಿ ಬಂದೆವು. ಒಬ್ಬರಿಗೆ ದಿನಾಂಕ ಕೊಟ್ಟಿದ್ದಾರೆ, ಒಬ್ಬರಿಗೆ ಮೊದಲು ಸಕ್ಕರೆ ಹತೋಟಿಗೆ ಬರಬೇಕಂತೆ. ಸಿಗದ ಐದು ನಂಬರಿನಲ್ಲಿ ಒಂದು ಪಕ್ಕದ ಮನೆಯವರ ಮೂಲಕ ಸಿಕ್ಕಿತು. ಉಳಿದ ನಾಲ್ಕಕ್ಕೆ ವಿಳಾಸ ಅರ್ಧಂಬರ್ಧ ಇದೆ. ಈ ಭಾನುವಾರ ಬೆಳಿಗ್ಗೆ ಇಬ್ಬರು ಹುಡುಕಲು ಹೊರಡುತ್ತಿದ್ದೇವೆ. ಒಂದು ಸ್ಕೂಟರ್ ಇದೆ, ಇನ್ನೊಂದು ಸಿಕ್ಕಿದರೆ ಮಧ್ಯಾಹ್ನದ ಒಳಗೆ ಮುಗಿಯಬಹುದು.